ಫೋನ್‌ಪೇ ಮಾಡೋ ಫೋನಲ್ಲೇ ವೋಟ್ ಯಾಕೆ ಹಾಕಬಾರದು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇದ್ರೆ ಇಯರ್‌ಫೋನ್ ಸ್ವಲ್ಪ ಸರಿ ಮಾಡ್ಕೊಳ್ಳಿ. ಇವತ್ತಿನ ವಿಷಯ ನಮ್ಮೂರಿನ ನೀರಿನ ಟ್ಯಾಂಕಿಂದ ಶುರುವಾಗುತ್ತೆ.

ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಊರಿಗೆ ಹೊಸ ಓವರ್‌ಹೆಡ್ ಟ್ಯಾಂಕ್ ಬರುತ್ತೆ ಅಂತಾಯ್ತು. ಎಲ್ಲಿ ಕಟ್ಟಬೇಕು ಅನ್ನೋದೇ ಪ್ರಶ್ನೆ. ಊರಿನ ವಾಟ್ಸಾಪ್ ಗ್ರೂಪಲ್ಲಿ ಯಾರೋ ಒಂದು ಪೋಲ್ ಹಾಕಿದ್ರು. ಇದ್ದದ್ದು ಎರಡೇ ಆಯ್ಕೆ: ಶಾಲೆ ಪಕ್ಕ, ಇಲ್ಲಾ ಬಸ್ ಸ್ಟ್ಯಾಂಡ್ ಹತ್ರ. ನಾನು ಬೆಂಗಳೂರಲ್ಲಿ ಮೆಟ್ರೋದಲ್ಲಿ ನಿಂತ್ಕೊಂಡೇ "ಶಾಲೆ ಪಕ್ಕ" ಅಂತ ಒತ್ತಿದೆ. ಖುಷಿಯಾಯ್ತು. ಇನ್ನೂರು ಕಿಲೋಮೀಟರ್ ದೂರದಿಂದ ಊರಿನ ವಿಷಯದಲ್ಲಿ ನನ್ನದೂ ಒಂದು ಮಾತು!

ಸಂಜೆ ನೋಡಿದ್ರೆ ಬಸ್ ಸ್ಟ್ಯಾಂಡ್ ಗೆದ್ದಿತ್ತು. ವಾಟ್ಸಾಪ್ ಪೋಲಲ್ಲಿ ಯಾರು ಯಾವುದಕ್ಕೆ ಒತ್ತಿದ್ರು ಅಂತ ಕಾಣುತ್ತಲ್ಲ, ನಮ್ಮಜ್ಜಿ ಹೆಸರೂ ಬಸ್ ಸ್ಟ್ಯಾಂಡ್ ಕೆಳಗೇ ಇತ್ತು. ಫೋನ್ ಮಾಡಿ, "ಅಜ್ಜಿ, ನಮ್ಮನೆಗೆ ಶಾಲೆ ಹತ್ರ ಅಲ್ವಾ? ಅಲ್ಲಿಗ್ಯಾಕೆ ಹಾಕ್ದೆ?" ಅಂತ ಕೇಳಿದೆ.

"ನಾನೆಲ್ಲಿ ಹಾಕ್ದೆ ಮಗಾ? ನನ್ ಫೋನ್ ಇಸ್ಕೊಂಡು ನಿಮ್ ಚಿಕ್ಕಪ್ಪ ಒತ್ತಿದ. ನನ್ನೇನು ಕೇಳ್ಲಿಲ್ಲ" ಅಂದ್ರು.

ಚಿಕ್ಕಪ್ಪ ಕೆಟ್ಟವರಲ್ಲ. ಅಜ್ಜಿ ಕರೆಂಟ್ ಬಿಲ್ಲೂ ಅವರೇ ಕಟ್ಟೋದು, ಪಿಂಚಣಿ ಮೆಸೇಜೂ ಅವರೇ ಓದಿ ಹೇಳೋದು. ವೋಟೂ ಅದೇ ಲೆಕ್ಕದಲ್ಲಿ ಹೋಯ್ತು, ಅಷ್ಟೆ. ಆದ್ರೆ ಆವತ್ತಿಂದ ನನಗೊಂದು ಯೋಚನೆ ಹತ್ತಿಕೊಂಡಿತು. ಎಲ್ಲಾ ವಿಷಯಕ್ಕೂ ಜನರೇ ಫೋನಲ್ಲಿ ವೋಟ್ ಹಾಕಿ ತೀರ್ಮಾನ ಮಾಡಿದ್ರೆ ಏನಾಗುತ್ತೆ? ಎಂಎಲ್‌ಎ, ಎಂಪಿ ಎಲ್ಲಾ ಯಾಕೆ ಬೇಕು?

ಜನ ಏನಂತಾರೆ?

ಈ ಆಸೆ ನನಗೊಬ್ಬನಿಗೇ ಇರೋದಲ್ಲ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2017ರಲ್ಲಿ 38 ದೇಶಗಳಲ್ಲಿ ಸಮೀಕ್ಷೆ ಮಾಡಿತ್ತು. ದೊಡ್ಡ ವಿಷಯಗಳಿಗೆ ಜನಪ್ರತಿನಿಧಿಗಳ ಬದಲು ಜನರೇ ನೇರವಾಗಿ ಮತ ಹಾಕಿ ಕಾನೂನು ಮಾಡೋದು ಒಳ್ಳೇದಾ ಅಂತ ಕೇಳಿದ್ದಕ್ಕೆ, ಆ ದೇಶಗಳ ಲೆಕ್ಕದಲ್ಲಿ ಮಧ್ಯದ ಅಂಕಿ 66% "ಹೌದು". ಪ್ರತಿನಿಧಿಗಳನ್ನು ಆರಿಸಿ ಕಳಿಸೋ ಪದ್ಧತಿ ಒಳ್ಳೇದು ಅಂದವರು 78%. ಅಂದ್ರೆ ಜನಕ್ಕೆ ಎರಡೂ ಬೇಕು. ಪ್ರತಿನಿಧಿ ಇರಲಿ, ನಮ್ಮನ್ನೂ ಒಂದ್ ಮಾತು ಕೇಳಲಿ ಅನ್ನೋ ಮನಸ್ಸು ಅದು.

ಇದನ್ನ ನಿಜವಾಗಿ ಮಾಡ್ತಿರೋ ದೇಶ ಸ್ವಿಟ್ಜರ್ಲೆಂಡ್. ಅಲ್ಲಿ ವರ್ಷಕ್ಕೆ ನಾಲ್ಕು ಸಲದವರೆಗೂ ಜನಮತ ಇರುತ್ತೆ. ಸಂಸತ್ತು ಮಾಡಿದ ಕಾನೂನು ಇಷ್ಟ ಆಗ್ಲಿಲ್ವಾ? 100 ದಿನದಲ್ಲಿ 50,000 ಸಹಿ ತಂದ್ರೆ ಆ ಕಾನೂನು ಜನರ ಮುಂದೆ ಬರಲೇಬೇಕು. ಸಂವಿಧಾನವನ್ನೇ ತಿದ್ದಬೇಕಾ? 18 ತಿಂಗಳಲ್ಲಿ 1 ಲಕ್ಷ ಸಹಿ ಬೇಕು.

ಕೇಳೋಕೆ ಚೆನ್ನಾಗಿದೆ. ಆದ್ರೆ ಇನ್ನೊಂದು ಮುಖಾನೂ ಇದೆ. 1959ರಲ್ಲಿ ಅದೇ ದೇಶದಲ್ಲಿ, ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ಕೊಡಬೇಕಾ ಅಂತ ಕೇಳಿದ್ರು. ಯಾರನ್ನ ಕೇಳಿದ್ರು? ಗಂಡಸರನ್ನ. ಸುಮಾರು 67% ಜನ "ಬೇಡ" ಅಂದ್ರು. ಹಕ್ಕು ಸಿಕ್ಕಿದ್ದು 1971ರಲ್ಲಿ. ನಮ್ಮ ದೇಶದಲ್ಲಿ 1951-52ರ ಮೊದಲ ಮಹಾಚುನಾವಣೆಯಲ್ಲೇ ಹೆಂಗಸರು ಮತ ಹಾಕಿದ್ರು ಅನ್ನೋದು ನೆನಪಿರಲಿ. ಜನರನ್ನ ಕೇಳೋದು ಒಳ್ಳೇದೇ. ಆದ್ರೆ ಯಾರನ್ನ ಕೇಳ್ತೀವಿ, ಯಾರನ್ನ ಬಿಡ್ತೀವಿ ಅನ್ನೋದು ಮೊದಲ ಪ್ರಶ್ನೆ. ನಮ್ಮೂರ ಪೋಲಲ್ಲೂ ಅಷ್ಟೇ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳನ್ನ ಯಾರೂ ಕೇಳಿರಲೇ ಇಲ್ಲ.

ದುಡ್ಡು ಬೇರೆ, ವೋಟು ಬೇರೆ

ಈಗ ನೀವೆಲ್ಲಾ ಕೇಳೋ ಪ್ರಶ್ನೆಗೆ ಬರೋಣ. "ಯುಪಿಐಲಿ ಸಾವಿರಾರು ರೂಪಾಯಿ ಕಳಿಸ್ತೀವಿ, ಬಿಗ್ ಬಾಸ್‌ಗೆ ಆ್ಯಪಲ್ಲೇ ವೋಟ್ ಹಾಕ್ತೀವಿ. ಚುನಾವಣೆಗೆ ಮಾತ್ರ ಬಿಸಿಲಲ್ಲಿ ಯಾಕೆ ಕ್ಯೂ ನಿಲ್ಲಬೇಕು?"

ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಒಂದು ವ್ಯತ್ಯಾಸ ಇದೆ. ನೀವು ಅಂಗಡಿಗೆ 200 ರೂಪಾಯಿ ಕಳಿಸಿದ್ರೆ ಯಾರು, ಯಾರಿಗೆ, ಎಷ್ಟು, ಎಷ್ಟು ಗಂಟೆಗೆ ಅಂತ ಬ್ಯಾಂಕಿಗೆ ಗೊತ್ತಿರುತ್ತೆ. ನಿಮಗೆ ಮೆಸೇಜ್ ಬರುತ್ತೆ, ಸ್ಟೇಟ್‌ಮೆಂಟಲ್ಲಿ ಕಾಣುತ್ತೆ. ತಪ್ಪಾದ್ರೆ ದೂರು ಕೊಡಬಹುದು, ವಾಪಸ್ ಪಡೆಯೋ ದಾರಿ ಇದೆ. ಡಿಜಿಟಲ್ ಹಣದ ಭದ್ರತೆ ನಿಂತಿರೋದೇ ಈ ದಾಖಲೆ ಮೇಲೆ.

ವೋಟಿಗೆ ಇದರ ಉಲ್ಟಾ ಬೇಕು. ವೋಟ್ ಹಾಕಿದ್ದು ನೀವೇ ಅಂತ ಖಾತ್ರಿಯಾಗಬೇಕು, ಆದ್ರೆ ಯಾರಿಗೆ ಹಾಕಿದ್ರಿ ಅನ್ನೋದು ಯಾರಿಗೂ ಗೊತ್ತಾಗಬಾರದು. ಬೇರೆಯವರಿಗೆ ತೋರಿಸಬಹುದಾದ ರಸೀದಿ ನಿಮ್ಮ ಕೈಗೆ ಸಿಗಬಾರದು. ಸಿಕ್ಕಿದ್ರೆ "ತೋರ್ಸು, ದುಡ್ಡು ಇಸ್ಕೋ" ಅನ್ನೋರು ಬಾಗಿಲಲ್ಲೇ ನಿಂತಿರ್ತಾರೆ. ಇಷ್ಟೆಲ್ಲಾ ಗುಟ್ಟಾಗಿದ್ರೂ, ಕೊನೆಗೆ ಎಣಿಕೆ ಸರಿಯಾಗಿದೆ ಅಂತ ಎಲ್ಲರಿಗೂ, ಮುಖ್ಯವಾಗಿ ಸೋತವರಿಗೆ, ನಂಬಿಕೆ ಬರಬೇಕು. ಬಿಗ್ ಬಾಸಲ್ಲಿ ಎಣಿಕೆ ತಪ್ಪಾದ್ರೆ ಒಬ್ಬರು ಮನೆಯಿಂದ ಆಚೆ ಬರ್ತಾರೆ. ಚುನಾವಣೇಲಿ ತಪ್ಪಾದ್ರೆ ಐದು ವರ್ಷದ ಸರ್ಕಾರವೇ ಬೇರೆಯಾಗುತ್ತೆ.

ಎಸ್ಟೋನಿಯಾ ಹೇಗೆ ಮಾಡಿತು?

ಆದ್ರೂ ಮಾಡಿ ತೋರಿಸಿದ ದೇಶ ಒಂದಿದೆ: ಎಸ್ಟೋನಿಯಾ. ಸುಮಾರು 13 ಲಕ್ಷ ಜನಸಂಖ್ಯೆ. 2005ರ ಸ್ಥಳೀಯ ಚುನಾವಣೆಯಲ್ಲಿ ಇಂಟರ್ನೆಟ್ ಮತದಾನ ಶುರುವಾದಾಗ ಬಳಸಿದವರು ನೂರಕ್ಕೆ ಇಬ್ಬರಷ್ಟು. 2023ರ ಸಂಸತ್ ಚುನಾವಣೆ ಹೊತ್ತಿಗೆ ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದ್ರೆ 51%, ಆನ್‌ಲೈನಲ್ಲೇ ಬಂದವು.

ನನ್ನ ಚಿಕ್ಕಪ್ಪನಂಥವರ ಸಮಸ್ಯೆಗೆ ಅಲ್ಲಿ ಒಂದು ಉಪಾಯ ಇದೆ. ಆನ್‌ಲೈನಲ್ಲಿ ಎಷ್ಟು ಸಲ ಬೇಕಾದ್ರೂ ವೋಟ್ ಬದಲಾಯಿಸಬಹುದು, ಕೊನೇದು ಮಾತ್ರ ಲೆಕ್ಕಕ್ಕೆ. ಮತಗಟ್ಟೆಗೆ ಹೋಗಿ ಕಾಗದದಲ್ಲಿ ಹಾಕಿದ್ರೆ ಆನ್‌ಲೈನ್ ಮತ ರದ್ದು. ಅಂದ್ರೆ ಯಾರೋ ಪಕ್ಕದಲ್ಲಿ ನಿಂತು ಒತ್ತಿಸಿದ್ರೂ, ಆಮೇಲೆ ಹೋಗಿ ನಿಮಗೆ ಬೇಕಾದವರಿಗೆ ಹಾಕಬಹುದು. ಜಾಣತನದ ಉಪಾಯವೇ. ಆದ್ರೆ ಫೋನ್, ಗುರುತಿನ ಚೀಟಿ, ಪಿನ್ ಎಲ್ಲಾ ಬೇರೆಯವರ ಕೈಲಿರೋ ಅಜ್ಜಿಗೆ ಇದರಿಂದ ಎಷ್ಟು ಉಪಯೋಗ?

ಇನ್ನೆರಡು ಸಂಗತಿ. ಅಲ್ಲಿನ ಆನ್‌ಲೈನ್ ಮತದಾನಕ್ಕೆ ಗುರುತಿನ ಚೀಟಿಯ ಚಿಪ್ ಬಳಕೆಯಾಗುತ್ತೆ. 2017ರಲ್ಲಿ ಆ ಚಿಪ್‌ನಲ್ಲೇ ಭದ್ರತಾ ದೋಷ ಸಿಕ್ಕಿ, ಏಳು ಲಕ್ಷಕ್ಕೂ ಹೆಚ್ಚು ಚೀಟಿಗಳನ್ನ ಸರಿಪಡಿಸಬೇಕಾಯ್ತು. ಎರಡನೇದು, ಆನ್‌ಲೈನ್ ಆದ್ರೆ ಎಲ್ಲರೂ ವೋಟ್ ಹಾಕ್ತಾರೆ ಅನ್ನೋ ನಮ್ಮ ನಂಬಿಕೆ. 2007ರ ಸಂಸತ್ ಚುನಾವಣೆಯಲ್ಲಿ ಅಲ್ಲಿ ಮತದಾನ 61.9%. 2023ರಲ್ಲಿ 63.5%. ಕ್ಯೂ ತಪ್ಪಿತು, ಆದ್ರೆ ಮನೇಲಿ ಕೂತವರು ಮನೇಲೇ ಕೂತಿದ್ದಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ ಮತದಾನ 70% ದಾಟಿದ್ರೂ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರೂ ಕ್ಷೇತ್ರಗಳು 54%ರ ಆಸುಪಾಸಲ್ಲೇ ನಿಂತವು. ಒಂದು ಆ್ಯಪ್ ಬಂದ ತಕ್ಷಣ ಇದು ಸರಿಹೋಗುತ್ತೆ ಅಂತ ನನಗನ್ನಿಸಲ್ಲ.

ನಂಬಿಕೆ ಯಾರ ಮೇಲೆ?

ಸ್ವಿಟ್ಜರ್ಲೆಂಡ್‌ನವರೂ ಆನ್‌ಲೈನ್ ಮತದಾನ ಪ್ರಯೋಗ ಮಾಡಿದ್ರು. 2019ರಲ್ಲಿ ಸ್ವಿಸ್ ಅಂಚೆ ಇಲಾಖೆ ತನ್ನ ಇ-ವೋಟಿಂಗ್ ವ್ಯವಸ್ಥೆಯ ಸೋರ್ಸ್ ಕೋಡನ್ನ ಪರೀಕ್ಷೆಗೆ ಹೊರಗಿಟ್ಟಿತು. ಸಂಶೋಧಕರು ಅದರಲ್ಲಿ, ಮತಗಳನ್ನ ಗೊತ್ತೇ ಆಗದ ಹಾಗೆ ಬದಲಾಯಿಸೋಕೆ ಸಾಧ್ಯವಿರೋ ದೋಷ ಹಿಡಿದ್ರು. ಇಡೀ ಯೋಜನೆ ನಿಂತುಹೋಯ್ತು. ಸರಿಪಡಿಸಿ, 2023ರ ಜೂನ್‌ನಲ್ಲಿ ಮೂರು ಕ್ಯಾಂಟನ್‌ಗಳಲ್ಲಿ, ಅಂದ್ರೆ ಪ್ರಾಂತ್ಯಗಳಲ್ಲಿ, ಸಣ್ಣ ಮಟ್ಟದಲ್ಲಿ ಮತ್ತೆ ಶುರುಮಾಡಿದ್ರು. ತಪ್ಪು ಸಿಕ್ಕಿದ್ದು ಬಾಗಿಲು ತೆರೆದಿಟ್ಟಿದ್ದಕ್ಕೆ. ಮುಚ್ಚಿಟ್ಟಿದ್ರೆ?

ಡಿಜಿಟಲ್ ಗುರುತಿನ ಚೀಟಿ ವಿಷಯದಲ್ಲೂ ಅಲ್ಲಿನ ಜನ ಒಂದು ಪಾಠ ಹೇಳಿದ್ರು. 2021ರಲ್ಲಿ ಅದನ್ನ ಖಾಸಗಿ ಕಂಪನಿಗಳು ಕೊಡುತ್ತವೆ ಅಂದಾಗ 64% ಜನ ತಳ್ಳಿಹಾಕಿದ್ರು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರವೇ ಕೊಡುತ್ತೆ ಅಂದಾಗ ಪಾಸಾಯ್ತು, ಅದೂ ಕೇವಲ 50.4%ರಲ್ಲಿ. ಜನರಿಗೆ ತಂತ್ರಜ್ಞಾನದ ಮೇಲೆ ಸಿಟ್ಟಿರಲಿಲ್ಲ. ಬೀಗದ ಕೈ ಯಾರ ಹತ್ರ ಇರುತ್ತೆ ಅನ್ನೋದು ಅವರ ಚಿಂತೆ.

ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ ಇದನ್ನೇ ಕಾನೂನಿನ ಮಾತಲ್ಲಿ ಹೇಳಿತು. ವಿಶೇಷ ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ಪ್ರಜೆಯೂ ಮತದಾನ, ಎಣಿಕೆಯ ಮುಖ್ಯ ಹಂತಗಳನ್ನ ತಾನೇ ಪರಿಶೀಲಿಸೋಕೆ ಆಗಬೇಕು. 2005ರ ಚುನಾವಣೆಯಲ್ಲಿ ಬಳಸಿದ ಯಂತ್ರಗಳು ಹಾಗಿರಲಿಲ್ಲ ಅಂತ ತೀರ್ಪು ಕೊಟ್ಟಿತು. ನಮ್ಮಲ್ಲಿ ಇಂಟರ್ನೆಟ್ ಸಂಪರ್ಕವೇ ಇಲ್ಲದ ಇವಿಎಂಗೂ ವಿವಿಪ್ಯಾಟ್ ಜೋಡಿಸಿ, 7 ಸೆಕೆಂಡ್ ಚೀಟಿ ತೋರಿಸೋದು ಇದೇ ನಂಬಿಕೆಗಾಗಿ.

ಹಾಗಂತ ಆನ್‌ಲೈನ್ ವೋಟಿಂಗ್ ಬೇಡವೇ ಬೇಡ ಅನ್ನೋದೂ ಸುಲಭದ ಮಾತಲ್ಲ. ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರೋ ಕನ್ನಡಿಗರು ಇಲ್ಲಿ ವೋಟರ್ ಲಿಸ್ಟಲ್ಲಿದ್ರೂ, ಮತ ಹಾಕೋಕೆ ಖುದ್ದಾಗಿ ಊರಿಗೇ ಬರಬೇಕು. ವಲಸೆ ಕಾರ್ಮಿಕರ ಕಥೆಯೂ ಅದೇ. ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಗುತ್ತೆ. 2025ರ ಜೂನ್‌ನಲ್ಲಿ ಬಿಹಾರದಲ್ಲಿ ನಗರ ಸಂಸ್ಥೆಗಳ ಚುನಾವಣೆಗೆ ಮೊಬೈಲ್ ಆ್ಯಪ್‌ನಲ್ಲಿ ಮತದಾನದ ಪ್ರಯೋಗ ನಡೆದಿದ್ದು ಇಂಥವರಿಗಾಗಿ: ವಯಸ್ಸಾದವರು, ಅಂಗವಿಕಲರು, ಗರ್ಭಿಣಿಯರು, ವಲಸೆ ಹೋದವರು. ಮತಗಟ್ಟೆಗೆ ಬರೋಕೇ ಆಗದವರಿಗೆ ಒಂದು ದಾರಿ ಬೇಕು. ಅದು ನ್ಯಾಯವಾದ ಬೇಡಿಕೆ.

ಬಟನ್‌ಗಿಂತ ಮುಂಚೆ ಮಾತು

ನೇರ ಪ್ರಜಾಪ್ರಭುತ್ವ ಹುಡುಕಿಕೊಂಡು ನಾವು ಯುರೋಪಿಗೇ ಹೋಗಬೇಕಿಲ್ಲ. ನಮ್ಮ ಸಂವಿಧಾನದಲ್ಲೇ ಗ್ರಾಮಸಭೆ ಇದೆ. ಪಂಚಾಯಿತಿ ಸದಸ್ಯರ ಸಭೆಯಲ್ಲ ಅದು. ಊರಿನ ವೋಟರ್ ಲಿಸ್ಟಲ್ಲಿರೋ ಪ್ರತಿಯೊಬ್ಬರೂ ಅದರ ಸದಸ್ಯರು. ನೀವೂ.

ಅದಕ್ಕಿರೋ ಶಕ್ತಿ ನೋಡಬೇಕಾದ್ರೆ ಒಡಿಶಾದ ನಿಯಮಗಿರಿ ನೆನಪಿಸ್ಕೊಳ್ಳಿ. ಅಲ್ಲಿ ಬಾಕ್ಸೈಟ್ ಗಣಿಗಾರಿಕೆ ಆಗಬೇಕಾ ಬೇಡವಾ ಅನ್ನೋದನ್ನ ಗ್ರಾಮಸಭೆಗಳ ಮುಂದಿಡಿ ಅಂತ ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಹೇಳಿತು. ಡೊಂಗ್ರಿಯಾ ಕೊಂಧ ಜನ ಇರೋ ಬೆಟ್ಟದ 12 ಹಳ್ಳಿಗಳಲ್ಲಿ ಸಭೆ ನಡೆಯಿತು. ಹನ್ನೆರಡೂ "ಬೇಡ" ಅಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು. ಅಲ್ಲಿ ಆ್ಯಪ್ ಇರಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ನಿಂತು, ಬೆಟ್ಟ ತಮಗೆ ಏನು ಅಂತ ಹೇಳಿದ್ರು.

ಈಗ ನಮ್ಮೂರ ಟ್ಯಾಂಕಿಗೆ ವಾಪಸ್ ಬರೋಣ. ಪೋಲ್ ಆದ ಮೇಲೆ ಗ್ರಾಮಸಭೆಯಲ್ಲಿ ವಿಷಯ ಬಂತು. ನಾನೂ ರಜೆ ಹಾಕಿ ಹೋಗಿದ್ದೆ. ಮೇಲಿನ ಬೀದಿಯ ಒಬ್ಬ ಹೆಂಗಸು ಎದ್ದು, "ಶಾಲೆ, ಬಸ್ ಸ್ಟ್ಯಾಂಡ್ ಎರಡೂ ತಗ್ಗಲ್ಲಿವೆ. ಅಲ್ಲಿ ಕಟ್ಟಿದ್ರೆ ನಮ್ಮ ಬೀದಿಗೆ ನೀರು ಏರುತ್ತಾ?" ಅಂತ ಕೇಳಿದ್ರು. ಯಾರ ಹತ್ರಾನೂ ಉತ್ತರ ಇರಲಿಲ್ಲ. ಆಮೇಲೆ ಊರ ಹಿಂದಿನ ದಿಬ್ಬದ ಮಾತು ಬಂತು. ಪೋಲಲ್ಲಿ ಆ ಜಾಗವೇ ಇರಲಿಲ್ಲ. ಎರಡೇ ಆಯ್ಕೆ ಕೊಟ್ಟಾಗ ಮೂರನೇದು ಹೇಳೋಕೆ ಬಟನ್‌ಗೆ ಬಾಯಿಲ್ಲ. ಸ್ವಿಟ್ಜರ್ಲೆಂಡ್‌ನ ಗ್ಲಾರುಸ್ ಎಂಬ ಪ್ರಾಂತ್ಯದಲ್ಲಿ ಇವತ್ತಿಗೂ ಜನ ವರ್ಷಕ್ಕೊಮ್ಮೆ ಚೌಕದಲ್ಲಿ ಸೇರಿ ಕೈ ಎತ್ತಿ ತೀರ್ಮಾನ ಮಾಡ್ತಾರೆ. ಅಲ್ಲಿ ಯಾವ ಮತದಾರ ಬೇಕಾದ್ರೂ ಎದ್ದು ಪ್ರಸ್ತಾವಕ್ಕೇ ತಿದ್ದುಪಡಿ ಸೂಚಿಸಬಹುದು. ನಮ್ಮೂರಲ್ಲಿ ಆವತ್ತು ಆಗಿದ್ದೂ ಅದೇ.

ಗ್ರಾಮಸಭೆ ಬಹಳ ಚೆನ್ನಾಗಿ ನಡೆಯುತ್ತೆ ಅಂತ ನಾನು ಹೇಳ್ತಿಲ್ಲ. ಎಷ್ಟೋ ಕಡೆ ಸಭೆ ಕಾಗದದ ಮೇಲೆ ಮಾತ್ರ ಇರುತ್ತೆ. ಎಲ್ಲರೆದುರು ಕೈ ಎತ್ತೋದ್ರಲ್ಲಿ ಗುಟ್ಟೂ ಇಲ್ಲ. ಜಮೀನ್ದಾರರ ಮುಂದೆ ಕೂಲಿಯವರು, ಗಂಡಂದಿರ ಮುಂದೆ ಹೆಂಗಸರು ಸುಮ್ಮನಾಗ್ತಾರೆ. ಅದಕ್ಕೇ ಚುನಾವಣೆಗೆ ಗುಟ್ಟಿನ ಮತ ಬೇಕು, ಊರಿನ ಕೆಲಸಕ್ಕೆ ಬಾಯಿಬಿಟ್ಟು ಮಾತಾಡೋ ಸಭೆ ಬೇಕು. ಫೋನ್ ಈ ಎರಡಕ್ಕೂ ಸಹಾಯ ಮಾಡಲಿ: ಸಭೆ ಯಾವತ್ತು ಅಂತ ತಿಳಿಸಲಿ, ಲೆಕ್ಕಪತ್ರ ತೋರಿಸಲಿ. ಒತ್ತೋ ಕೆಲಸಕ್ಕೆ ಇನ್ನೂ ಕಾಯೋಣ, ಪಕ್ಕದಲ್ಲಿ ಯಾರೂ ನಿಂತಿಲ್ಲ ಅಂತ ಖಾತ್ರಿ ಆಗೋವರೆಗೆ.

ದಿಬ್ಬದ ಪರವಾಗಿ ಕೈ ಎತ್ತಿದವರಲ್ಲಿ ನಮ್ಮಜ್ಜಿನೂ ಇದ್ರು. ಪಕ್ಕದಲ್ಲೇ ಚಿಕ್ಕಪ್ಪ ಕೂತಿದ್ರು, ಅವರು ಎತ್ತಿರಲಿಲ್ಲ. ಮನೆಗೆ ಬರುವಾಗ ಅಜ್ಜಿ ಅಂದ್ರು, "ಈ ಸಲ ನಂದು ನಾನೇ ಹಾಕ್ದೆ ಮಗಾ."

ನಿಮ್ಮೂರಲ್ಲಿ ಗ್ರಾಮಸಭೆ ನಡೆಯೋದು ಯಾವತ್ತು? ಪಂಚಾಯಿತಿ ಕಚೇರಿಗೆ ಒಂದು ಫೋನ್ ಮಾಡಿ ಕೇಳಿ. ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಸಲೇಬೇಕು ಅಂತ ನಮ್ಮ ರಾಜ್ಯದ ಕಾನೂನೇ ಹೇಳುತ್ತೆ.