ಆಟಿ ಮಳೆಯಲ್ಲಿ ಲಾರ್ವಾ ಲೆಕ್ಕ

ಬಿ.ಸಿ.ರೋಡಿನಲ್ಲಿ ಹತ್ತಿದ ಬಸ್ಸು ವಗ್ಗ ದಾಟಿ ಪುಂಜಾಲಕಟ್ಟೆ ಮುಟ್ಟುವಷ್ಟರಲ್ಲಿ ಮಳೆ ಎರಡು ಸಲ ಹಿಡಿದು ಎರಡು ಸಲ ಬಿಟ್ಟಿರುತ್ತದೆ. ತುಳುವರ ಆಟಿ ತಿಂಗಳೆಂದರೆ ಹಾಗೆಯೇ. ಈಚೆಗೆ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಕಂಡದ್ದು ಹೆಚ್ಚಾಗಿ ಹೆದ್ದಾರಿ ಕಾಮಗಾರಿಯ ಸುದ್ದಿಯಲ್ಲಿ. ಮೊದಲು ಬಿ.ಸಿ.ರೋಡ್–ಪುಂಜಾಲಕಟ್ಟೆ, ಆಮೇಲೆ ಪುಂಜಾಲಕಟ್ಟೆ–ಚಾರ್ಮಾಡಿ. ಒಂದು ಗುತ್ತಿಗೆ ಮುಗಿದು ಇನ್ನೊಂದು ಶುರುವಾಗುವ ಜಾಗ. ಬಂಟ್ವಾಳ ತಾಲೂಕು ಬೆಳ್ತಂಗಡಿಗೆ ತಾಗುವುದೂ ಇಲ್ಲೇ.

ಬಸ್ಸಿನಿಂದ ಇಳಿದವರು ಹತ್ತು ಹನ್ನೆರಡು ಮಂದಿ ಬಿಎಸ್‌ಸಿ ನರ್ಸಿಂಗ್ ವಿದ್ಯಾರ್ಥಿಗಳು. ಇಬ್ಬರು ಹುಡುಗರು, ಮಿಕ್ಕವರು ಹುಡುಗಿಯರು. ಬೆನ್ನಿಗೆ ಚೀಲ, ತಲೆಗೆ ಕೊಡೆ, ಕಾಲಿಗೆ ಮಾತ್ರ ಈ ಮಣ್ಣಿಗೆ ಒಗ್ಗದ ಬಿಳಿ ಬೂಟು. ಸಮುದಾಯ ಆರೋಗ್ಯದ ಕ್ಷೇತ್ರ ಕಾರ್ಯಕ್ಕೆ ಬಂದವರು. ಅವರಿಗಾಗಿ ಕಾಯುತ್ತಿದ್ದ ಆಶಾ ಕಾರ್ಯಕರ್ತೆ ಗುಲಾಬಿ ಸೀರೆಯ ನೆರಿಗೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ರಬ್ಬರ್ ಚಪ್ಪಲಿಯಲ್ಲಿ ಸಲೀಸಾಗಿ ನಿಂತಿದ್ದಾರೆ. ಜೊತೆಗಿದ್ದ ಆರೋಗ್ಯ ನಿರೀಕ್ಷಣಾಧಿಕಾರಿ ಸಾಮಾನು ಹಂಚಿದರು: ಟಾರ್ಚು, ಉದ್ದ ಹಿಡಿಯ ಸೌಟು, ಬಿಳಿ ಬಟ್ಟಲು, ಪಿಪೆಟ್ಟು, ಸೀಮೆಸುಣ್ಣ. ‘ಇಷ್ಟೇನಾ ಸರ್?’ ಎಂದಳು ಒಬ್ಬಳು. ಸ್ಟೆತೊಸ್ಕೋಪು ತಂದಿದ್ದಳು, ಪಾಪ.

ಮೊದಲ ಮನೆಯ ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೀಲಿ ಡ್ರಮ್ಮು. ಟಾರ್ಚಿನ ಬೆಳಕು ಬಿದ್ದದ್ದೇ ನೀರಿನ ಮೇಲ್ಮೈಯಿಂದ ಹತ್ತಾರು ಎಳೆಗಳು ನುಲಿಯುತ್ತ ತಳಕ್ಕಿಳಿದವು. ‘ಅವಸರ ಮಾಡಬೇಡಿ, ಉಸಿರಾಟಕ್ಕೆ ಮೇಲೆ ಬರಲೇಬೇಕಲ್ಲ’ ಎಂದರು ನಿರೀಕ್ಷಕರು. ಬಂದವು. ನೀರಿಗೆ ಸಮಾನಾಂತರವಾಗಿ ಮಲಗಿದರೆ ಅನಾಫಿಲಿಸ್, ಮಲೇರಿಯಾದ್ದು. ತಲೆ ಕೆಳಗಾಗಿ ಓರೆಯಾಗಿ ಜೋತುಬಿದ್ದರೆ ಈಡಿಸ್ ಇರಬಹುದು, ಕ್ಯೂಲೆಕ್ಸ್ ಇರಬಹುದು. ಉಸಿರುಕೊಳವೆ ಮೋಟಾಗಿದ್ದರೆ ಈಡಿಸ್. ಪಠ್ಯಪುಸ್ತಕದ ಕಪ್ಪು-ಬಿಳುಪು ಚಿತ್ರದಲ್ಲಿ ಕಂಡದ್ದು ಬಿಳಿ ಬಟ್ಟಲಿನಲ್ಲಿ ಜೀವಂತ ತಿರುಚಿಕೊಳ್ಳುವಾಗ ಹುಡುಗಿಯರು ಒಂದು ಹೆಜ್ಜೆ ಹಿಂದೆ ಸರಿದರು, ಆಮೇಲೆ ಎರಡು ಹೆಜ್ಜೆ ಮುಂದೆ ಬಂದರು.

ಜಗಲಿಯಲ್ಲಿ ಕೂತ ಅಜ್ಜಿಗೆ ಇದೆಲ್ಲ ತಮಾಷೆ. ‘ಈರ್ ಡಾಕ್ಟ್ರಾ?’ ಎಂದು ಸ್ಟೆತೊಸ್ಕೋಪಿನ ಹುಡುಗಿಯನ್ನು ಕೇಳಿದರು. ಅಲ್ಲವೆಂದಳು. ನರ್ಸಾ? ಇನ್ನೂ ಅಲ್ಲ. ‘ಹಾಗಾದರೆ ಸೊಳ್ಳೆ ನೋಡಲು ಕಾಲೇಜು ಬೇಕಾ?’ ಎಂಬ ಅಜ್ಜಿಯ ಮುಂದಿನ ಪ್ರಶ್ನೆಗೆ ಯಾರ ಬಳಿಯೂ ತಕ್ಷಣದ ಉತ್ತರ ಇರಲಿಲ್ಲ. ಆಶಾ ಕಾರ್ಯಕರ್ತೆ ರಿಜಿಸ್ಟರ್ ಬಿಡಿಸಿ, ‘ಜ್ವರ ಉಂಡಾ?’ ಎಂದು ವಿಚಾರಿಸಿದರು. ‘ದಾಲಾ ಇಜ್ಜಿ’ ಎಂದು ಉತ್ತರ. ಏನೂ ಇಲ್ಲ. ಬರೆದುಕೊಂಡರು. ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ತಾರೀಖು ಬಿತ್ತು.

ಈ ‘ಏನೂ ಇಲ್ಲ’ ಎಂಬುದನ್ನು ಬರೆದಿಡುವುದೇ ಇವರ ವಿದ್ಯೆಯ ದೊಡ್ಡ ಪಾಲು. 2004ರಲ್ಲಿ ಶುರುವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಮೂರು ಬಗೆಯ ನಮೂನೆಗಳು. ಲಕ್ಷಣ ನೋಡಿ ಉಪಕೇಂದ್ರದ ಕಾರ್ಯಕರ್ತೆ ತುಂಬುವುದು ‘ಎಸ್’, ಇಂಥ ರೋಗ ಇರಬಹುದೆಂದು ವೈದ್ಯರು ತುಂಬುವುದು ‘ಪಿ’, ಪ್ರಯೋಗಾಲಯದಲ್ಲಿ ಖಚಿತವಾದದ್ದು ‘ಎಲ್’. ಈಗ ಕಾಗದ ಹೋಗಿ ಫೋನಿನಲ್ಲೇ ದಾಖಲಾಗುತ್ತದೆ. ಜ್ವರವೇ ಇಲ್ಲದಿದ್ದರೂ ಸೊನ್ನೆ ಎಂದು ನಮೂದಿಸಬೇಕು, ಖಾಲಿ ಬಿಡುವಂತಿಲ್ಲ. ಸೊನ್ನೆ ಎಂದರೆ ಹೋಗಿ ನೋಡಿ ಬಂದೆವು, ಇರಲಿಲ್ಲ ಎಂದರ್ಥ. ಖಾಲಿ ಎಂದರೆ ಯಾರೂ ಹೋಗಲೇ ಇಲ್ಲ ಎಂದು. ಮಳೆಯಲ್ಲಿ ಗುಡ್ಡ ಹತ್ತಿ ಇಳಿದು ಒಂದು ಸೊನ್ನೆ ಸಂಪಾದಿಸಿ ಬರುವವರಿಗೆ ಮಾತ್ರ ಇವೆರಡರ ಅಂತರ ಗೊತ್ತು.

ಅಡಿಕೆ ಬೆಳೆಯುವ ಊರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಕೊಳೆರೋಗ ಬಂದ ಮೇಲೆ ಬೋರ್ಡೋ ಹೊಡೆಸುವವನನ್ನು ಇಲ್ಲಿ ಯಾರೂ ಬುದ್ಧಿವಂತ ಎನ್ನುವುದಿಲ್ಲ. ಮೈಲುತುತ್ತು, ಸುಣ್ಣದ ಆ ದ್ರಾವಣವನ್ನು ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ತೋಟಗಳಿಗೆ ತಂದ ಲೆಸ್ಲಿ ಕೋಲ್ಮನ್‌ನ ಹೆಸರು ಮರೆತಿರಬಹುದು, ಮಳೆಗೆ ಮುಂಚೆ ಮರ ಹತ್ತಬೇಕೆಂಬುದನ್ನು ಯಾರೂ ಮರೆತಿಲ್ಲ. ರೋಗ ಬಾರದ ವರ್ಷ ‘ಮೈಲುತುತ್ತು ದಂಡವಾಯಿತು’ ಎಂದು ಯಾವ ಕೃಷಿಕನೂ ಗೊಣಗುವುದಿಲ್ಲ. ಅದೇ ಕೃಷಿಕ ಮನೆಗೆ ಬಂದ ಲಾರ್ವಾ ತಂಡಕ್ಕೆ, ‘ಈ ಸಲ ಡೆಂಗಿಯೇ ಇಲ್ಲವಲ್ಲ ಮಾರಾಯ್ರೆ, ಎಂಥ ನೋಡ್ಲಿಕ್ಕೆ ಬಂದದ್ದು?’ ಎನ್ನುತ್ತಾನೆ.

ಮನೆಮನೆಗೆ ಹೋಗಿ ಮಾರಿ ಓಡಿಸುವುದು ತುಳುನಾಡಿನಲ್ಲಿ ಆಶಾ ಕಾರ್ಯಕರ್ತೆಗಿಂತ ಹಳೆಯದು. ಇದೇ ಆಟಿಯಲ್ಲಿ ತಾಳೆಗರಿಯ ಕೊಡೆ ತಿರುಗಿಸುತ್ತ ಆಟಿ ಕಳೆಂಜ ಬರುತ್ತಾನೆ. ಅಕ್ಕಿ, ತೆಂಗಿನಕಾಯಿ ಪಡೆದು ಮನೆಯ ಮಾರಿ ಕಳೆದು ಹೋಗುತ್ತಾನೆ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ ಕಹಿ ಕಷಾಯ. ಕತ್ತಲಲ್ಲಿ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕೆಂಬ ಕಟ್ಟಳೆ ಇರುವುದರಿಂದ ಪಾಲೆಯೆಂದು ವಿಷದ ಕಾಸರ್ಕನ ಮರದ ತೊಗಟೆ ತಂದು ಕುಡಿದು ಆಸ್ಪತ್ರೆ ಸೇರುವವರೂ ಉಂಟು. ಹಿಂದಿನ ದಿನ ಹಗಲಿನಲ್ಲೇ ಮರ ಗುರುತು ಮಾಡಿ ನೂಲು ಕಟ್ಟಿಟ್ಟು ಬನ್ನಿ ಎಂದು ಆಶಾ ಕಾರ್ಯಕರ್ತೆ ಮನೆಮನೆಯಲ್ಲಿ ಹೇಳುತ್ತಿದ್ದರು. ಕಷಾಯ ಬಿಡಿ ಎನ್ನಲಿಲ್ಲ. ವಿದ್ಯಾರ್ಥಿಗಳ ಪುಸ್ತಕದಲ್ಲಿ ‘ವರ್ತನೆಯ ಬದಲಾವಣೆಗಾಗಿ ಸಂವಹನ’ ಎಂದು ಒಂದು ಅಧ್ಯಾಯವೇ ಇದೆ. ಅದರಲ್ಲಿ ಈ ನೂಲು ಇರಲಾರದು.

ಅಧ್ಯಾಯಗಳ ಮಾತು ಬಂತು. ಸಾರ್ವಜನಿಕ ಆರೋಗ್ಯದ ಪಾಠ ಎಲ್ಲ ಕಡೆ 1854ರ ಲಂಡನ್ನಿನಿಂದ, ಜಾನ್ ಸ್ನೋ ಗುರುತಿಸಿದ ನೀರಿನ ಪಂಪಿನಿಂದ ಶುರುವಾಗುತ್ತದೆ. ಆಗಲಿ. ಆದರೆ ಈ ಹೆದ್ದಾರಿಯಲ್ಲಿ ಪೂರ್ವಕ್ಕೆ ಇನ್ನಷ್ಟು ಹೋದರೆ ಸಿಗುವ ಘಟ್ಟದ ಬುಡದಲ್ಲಿ ಅದಕ್ಕಿಂತ ಹತ್ತಿರದ ಪಾಠಗಳು ಬಿದ್ದುಕೊಂಡಿವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆ 1982–83ರಲ್ಲಿ ಬೆಳ್ತಂಗಡಿ ತಾಲೂಕಿನ ಕಾಡಂಚಿಗೆ ಇಳಿದು ಬಹಳ ಜೀವ ತೆಗೆಯಿತು. ಗೇರು ತೋಪಿಗಾಗಿ ದಟ್ಟ ಕಾಡು ಕಡಿದದ್ದೇ ಉಣುಗು, ಮಂಗ, ಮನುಷ್ಯ ಮೂರನ್ನೂ ಒಂದೇ ಕಡೆ ತಂದಿತೆಂದು ಆಗ ಅಧ್ಯಯನ ಮಾಡಿದವರು ಬರೆದರು. ಮತ್ತೆ ಅದೇ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಗಡಿಯಾಚೆ ಕಾಸರಗೋಡಿನ ಎಣ್ಮಕಜೆಯಲ್ಲೂ ಇದೇ ಕಥೆ. ಅಲ್ಲಿನ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳ ಮನೆಗಳು ಎಲ್ಲಿವೆ, ಒಂದೇ ಪ್ರದೇಶದಲ್ಲಿ ಇಷ್ಟು ಮಕ್ಕಳಿಗೆ ಯಾಕೆ ಕಾಯಿಲೆ ಎಂದು ಯೋಚಿಸಿದರು. ಪಡ್ರೆಯ ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. 2011ರ ಫೆಬ್ರವರಿಯಲ್ಲಿ ಕರ್ನಾಟಕ, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷಕ್ಕೆ ತಡೆ ಹಾಕಿದವು. ಆ ಹೊತ್ತಿಗೆ ಒಂದು ತಲೆಮಾರು ಹಾಸಿಗೆ ಹಿಡಿದಾಗಿತ್ತು. ರೋಗಿಯ ನಾಡಿ ಹಿಡಿದು ಕೂತವರಿಗೆ ಕಾಣದ್ದು ರೋಗಿಯ ಊರಿನ ನಕ್ಷೆ ಬಿಡಿಸಿದವರಿಗೆ ಕಂಡಿತು. ನನ್ನ ಕೈಯಲ್ಲಿದ್ದರೆ ಲಂಡನ್ನಿನ ಪಂಪನ್ನು ಎರಡನೆಯ ಪಾಠ ಮಾಡುತ್ತಿದ್ದೆ.

ಮಳೆ ಜೋರಾಯಿತು. ಎಲ್ಲರೂ ರಸ್ತೆ ಬದಿಯ ಹೋಟೆಲು ಹೊಕ್ಕರು. ಗೋಳಿಬಜೆ ಬರುವ ತನಕ ಮಾತು ಮುಂದಿನ ಬದುಕಿನತ್ತ ತಿರುಗಿತು. ‘ಸಾರ್ವಜನಿಕ ಆರೋಗ್ಯ’ ಎಂದೇ ಹೆಸರಿರುವ ಪದವಿ ಕೋರ್ಸು ನಮ್ಮ ಕಡೆ ಇನ್ನೂ ಅಪರೂಪ. ಈ ಕೆಲಸಕ್ಕೆ ಬರುವವರೆಲ್ಲ ಪಕ್ಕದ ಬಾಗಿಲಿನಿಂದಲೇ ಬರುವವರು. ಎಂಬಿಬಿಎಸ್‌ನವರಿಗೆ ಸಮುದಾಯ ವೈದ್ಯಶಾಸ್ತ್ರ ಒಂದು ವಿಷಯ, ಈಗ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ವರ್ಷಗಟ್ಟಲೆ ಗಮನಿಸುವ ನಿಯಮವೂ ಇದೆ. ಮಂಗಳೂರಿನ ರೋಶನಿ ನಿಲಯದಂಥಲ್ಲಿ ಸಮಾಜಕಾರ್ಯ ಓದಿದವರು ಆಪ್ತಸಲಹೆಯ ಹಾದಿಯಲ್ಲಿ ಬರುತ್ತಾರೆ. ಹೆಲ್ತ್ ಇನ್‌ಸ್ಪೆಕ್ಟರ್ ಡಿಪ್ಲೊಮಾದ ಹಳೆಯ ದಾರಿ ಇದ್ದೇ ಇದೆ.

ಸ್ಟೆತೊಸ್ಕೋಪಿನ ಹುಡುಗಿಗೆ ಸಿಎಚ್‌ಒ ಆಗುವ ಆಸೆ. 2018ರಲ್ಲಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಬದಲಿಸಲು ಹೊರಟಾಗ ಹುಟ್ಟಿದ ಹುದ್ದೆ, ಸಮುದಾಯ ಆರೋಗ್ಯ ಅಧಿಕಾರಿ. ಬಯಲುಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಎಂಬುದು ಲೆಕ್ಕ. ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆ, ಗರ್ಭಿಣಿಯರು, ಕ್ಷಯದ ಮಾತ್ರೆ ಎಲ್ಲ ಅವರ ಹೆಗಲಿಗೆ. ‘ಅಪ್ಪ ಜರ್ಮನ್ ಕಲಿ ಅಂತಾರೆ’ ಎಂದಳು. ನರ್ಸಿಂಗ್ ಮುಗಿಸಿದವರಿಗೆ ಜರ್ಮನಿ, ಕೊಲ್ಲಿ ದೇಶಗಳು ಕರೆಯುವಾಗ ಊರ ಉಪಕೇಂದ್ರದ ಗುತ್ತಿಗೆ ನೌಕರಿ ಹಿಡಿಯುತ್ತೇನೆ ಎನ್ನುವವಳಿಗೆ ಮನೆಯಲ್ಲಿ ಮರ್ಯಾದೆ ಸ್ವಲ್ಪ ಕಡಿಮೆಯೇ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹುದ್ದೆಗಳಲ್ಲಿ ಬಹುಪಾಲು ಗುತ್ತಿಗೆಯವೇ. ಒಪ್ಪಂದ ಮುಗಿಯುತ್ತ ಬಂದಾಗ ಸೊಳ್ಳೆಯ ಲೆಕ್ಕದ ಜೊತೆ ತನ್ನ ನೌಕರಿಯ ಲೆಕ್ಕವನ್ನೂ ಇಡಬೇಕಾದವರ ಮುಂದೆ ‘ಸೇವಾ ಮನೋಭಾವ’ದ ಭಾಷಣ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಮೂಲೆಯಲ್ಲಿ ಕೂತ ಹುಡುಗನದು ಬೇರೆ ಲೆಕ್ಕಾಚಾರ. ಅವನಿಗೆ ಎಂಪಿಎಚ್ ಮಾಡಬೇಕು. ಸಾರ್ವಜನಿಕ ಆರೋಗ್ಯದ ಎರಡು ವರ್ಷದ ಈ ಸ್ನಾತಕೋತ್ತರ ಪದವಿ ಮಣಿಪಾಲದಲ್ಲಿದೆ, ದೇರಳಕಟ್ಟೆಯಲ್ಲಿದೆ, ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದಲ್ಲೂ ಇದೆ. ಖಾಸಗಿಯ ಶುಲ್ಕ ಕೇಳಿ ಗದಗದ ರೈಲಿನ ಸಮಯ ನೋಡಿಟ್ಟಿದ್ದಾನೆ. ಅವನ ತಮ್ಮ ಪ್ರಾಣಿಶಾಸ್ತ್ರದ ವಿದ್ಯಾರ್ಥಿ. ಅವನಿಗೆ ಪುದುಚೇರಿಯ ಐಸಿಎಂಆರ್ ಸಂಸ್ಥೆಯಲ್ಲಿ ಸೊಳ್ಳೆ, ಉಣುಗುಗಳದ್ದೇ ಎಂಎಸ್‌ಸಿ ಇದೆ ಎಂದು ನಿರೀಕ್ಷಕರು ತಿಳಿಸಿದರು. ‘ಸಂಖ್ಯಾಶಾಸ್ತ್ರ ಬಿಡಬೇಡಿ’ ಎಂಬ ಬುದ್ಧಿಮಾತೂ ಬಂತು. ‘ಇಂಜೆಕ್ಷನ್ ಕೊಡುವವರು ಸಿಗ್ತಾರೆ, ಶೇಕಡಾ ಸರಿ ಹಾಕುವವರು ಸಿಗುವುದಿಲ್ಲ.’

ಶೇಕಡಾದ ಪರೀಕ್ಷೆ ಮಧ್ಯಾಹ್ನವೇ ನಡೆಯಿತು. ನೋಡಿದ ನೂರು ಮನೆಗಳಲ್ಲಿ ಲಾರ್ವಾ ಸಿಕ್ಕ ಮನೆಗಳೆಷ್ಟು ಎಂಬುದು ಮನೆ ಸೂಚ್ಯಂಕ. ನೀರಿದ್ದ ನೂರು ಪಾತ್ರೆಗಳಲ್ಲಿ ಲಾರ್ವಾ ಇದ್ದದ್ದೆಷ್ಟು ಎಂಬುದು ಪಾತ್ರೆ ಸೂಚ್ಯಂಕ. ನೂರು ಮನೆಗಳಿಗೆ ಲಾರ್ವಾ ಇರುವ ಪಾತ್ರೆಗಳೆಷ್ಟು ಎಂಬುದು ಬ್ರೆಟೋ ಸೂಚ್ಯಂಕ. ಪೇಟೆಯಲ್ಲಾದರೆ ಪಾತ್ರೆಯೆಂದರೆ ಡ್ರಮ್ಮು, ಹೂಕುಂಡ, ಟಯರು. ಇಲ್ಲಿ ಅಂಗಳ ದಾಟಿದ್ದೇ ಅಡಿಕೆ ತೋಟ. ಉದುರಿದ ಪ್ರತಿ ಹಾಳೆಯಲ್ಲೂ ಅಂಗೈಯಷ್ಟು ನೀರು. ಅದರಾಚೆ ರಬ್ಬರು. ಮಳೆಗಾಲಕ್ಕೆ ಟ್ಯಾಪಿಂಗ್ ನಿಲ್ಲಿಸಿದ ತೋಟದಲ್ಲಿ ಕವುಚಿ ಹಾಕದೆ ಬಿಟ್ಟ ಚಿಪ್ಪುಗಳು ಮರಮರದಲ್ಲೂ ನೀರು ತುಂಬಿ ನಿಂತಿವೆ. ಈಡಿಸ್‌ನ ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಸಾಕು. ವಾರಕ್ಕೊಂದು ದಿನ ನೀರೆಲ್ಲ ಚೆಲ್ಲಿ ಒಣಗಿಸಬೇಕು ಎನ್ನುವುದು ಅದಕ್ಕೇ. ಈ ತೋಟದ ಯಜಮಾನರು ಬೆಂಗಳೂರಿನಲ್ಲಿ, ಮನೆಗೆ ಬೀಗ.

ಜಗಳ ಹುಟ್ಟಿದ್ದೇ ಅಲ್ಲಿ. ಬೀಗ ಹಾಕಿದ ಮನೆ ‘ನೋಡಿದ ಮನೆ’ಗಳ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಅದರ ಚಿಪ್ಪುಗಳನ್ನೂ ಬಿಡೋಣ ಎಂದ ಎಂಪಿಎಚ್ ಹುಡುಗ. ‘ಸೊಳ್ಳೆಗೆ ಬೀಗ ಉಂಟಾ?’ ಎಂದಳು ಸಿಎಚ್‌ಒ ಹುಡುಗಿ. ಚಿಪ್ಪುಗಳನ್ನು ಸೇರಿಸಿದರೆ ಬ್ರೆಟೋ ಅಂಕಿ ಆಕಾಶಕ್ಕೆ ಹೋಗುತ್ತದೆ, ಬಿಟ್ಟರೆ ಈ ಊರು ಕಾಗದದಲ್ಲಿ ಸುರಕ್ಷಿತ. ಪಕ್ಕದ ಮನೆಯ ಲೆಕ್ಕಕ್ಕೆ ಹಾಕೋಣವೇ? ಅವರೇನು ತಪ್ಪು ಮಾಡಿದ್ದಾರೆ? ತೋಟದ ಅರ್ಧ ಬೆಳ್ತಂಗಡಿ ತಾಲೂಕಿಗೆ ಸೇರಿದರೆ ವರದಿ ಯಾವ ತಾಲೂಕಿಗೆ? ನಿರೀಕ್ಷಕರು ಸ್ವಲ್ಪ ಹೊತ್ತು ಎರಡೂ ಕಡೆ ಕೇಳಿಸಿಕೊಂಡು, ತೋಟವನ್ನು ಬೇರೆಯೇ ಹಾಳೆಯಲ್ಲಿ ಬರೆಯಲು ಹೇಳಿದರು. ಮರ ಎಷ್ಟು, ನೀರಿರುವ ಚಿಪ್ಪು ಎಷ್ಟು, ಲಾರ್ವಾ ಎಷ್ಟರಲ್ಲಿ. ಎಣಿಸಿದ ಮೇಲೆ ಪ್ರತಿಯೊಂದನ್ನೂ ಕವುಚಿ ಹಾಕಿ ಬರಬೇಕು. ಯಜಮಾನರ ಫೋನ್ ನಂಬರು ಆಶಾ ಕಾರ್ಯಕರ್ತೆಯ ಬಳಿ ಇತ್ತು. ಅವರು ಕೊಡೆಯ ಕೆಳಗೆ ನಿಂತು ಡಯಲ್ ಮಾಡತೊಡಗಿದರು. ವಿದ್ಯಾರ್ಥಿಗಳು ಸಾಲು ಹಂಚಿಕೊಂಡರು, ಒಬ್ಬರಿಗೆ ಎರಡು ಸಾಲು ಮರ. ಒಬ್ಬಳು ಬಿಳಿ ಬೂಟು ಕಳಚಿ ಚೀಲಕ್ಕೆ ತುರುಕಿ, ಇಂಬಳಕ್ಕೆ ಉಪ್ಪು ಯಾರ ಬಳಿ ಇದೆ ಎಂದು ಕೇಳುತ್ತ ಗುಡ್ಡ ಹತ್ತಿದಳು.