ಹಾಡಿದಾಗ ಇಮ್ಮಡಿಯಾದ ಸಿರಿ

ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಹತ್ತಿರ ಮಾಚಾರು ಎಂಬ ಊರಿದೆ. ಅಲ್ಲಿನ ಬೇಸಾಯಗಾರ ಗೋಪಾಲ ನಾಯ್ಕರು ತುಳುವಿನ ಸಿರಿ ಸಂಧಿಯನ್ನು, ಎಂದರೆ ಸಿರಿ ಎಂಬಾಕೆಯ ಕಥೆಯ ಹಾಡನ್ನು, ಎರಡು ರೀತಿಯಲ್ಲಿ ಒಪ್ಪಿಸಿದರು. ಮೊದಲ ಸಲ ಅವರು ಹೇಳುತ್ತ ಹೋದರು, ಎದುರು ಕೂತವರು ಬರೆದುಕೊಂಡರು. ಕೆಲವು ವರ್ಷಗಳ ನಂತರ, 1990ರ ಡಿಸೆಂಬರಿನಲ್ಲಿ, ಟೇಪಿನ ಮುಂದೆ ಕೂತು ಹಾಡಿದರು. ದಿನಗಟ್ಟಲೆ ಹಾಡಿ ಮುಗಿಸಿದ್ದನ್ನು ಬಿಡಿಸಿ ಬರೆದು ಎಣಿಸಿದರೆ 15,683 ಸಾಲು! ಮೊದಲು ಬರೆಸಿದ್ದು ಇದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಹೋಮರನ ಇಲಿಯಡ್ ಕೂಡ ಹೆಚ್ಚುಕಡಿಮೆ ನಾಯ್ಕರು ಹಾಡಿದ್ದರಷ್ಟೇ ಉದ್ದ.

ಅದೇ ಮನುಷ್ಯ, ಅದೇ ಕಥೆ. ಉಳಿದರ್ಧ ಎಲ್ಲಿತ್ತು?

ಬರೆಯುವವರ ಕೈಗಾಗಿ ಕಾಯುತ್ತ ನಿಂತರೆ ಹಾಡುಗಾರನ ಧಾಟಿ ತಪ್ಪುತ್ತದೆ. ಆಗ ಅವನು ಕಥೆ ಹೇಳುತ್ತಾನೆ, ಹಾಡುವುದಿಲ್ಲ. ಮೀಯುವುದು, ಸೀರೆಯುಡುವುದು, ದಾರಿ ನಡೆಯುವುದು, ಬಂದವರಿಗೆ ನೀರು ಕೊಡುವುದು, ಇವೆಲ್ಲ ‘ಗೊತ್ತಿದ್ದದ್ದೇ’ ಎಂದು ಬಿಟ್ಟುಹೋಗುತ್ತವೆ. ಹಾಡಿಗೆ ಇಳಿದರೆ ಒಂದು ಸಾಲು ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಯುಗೊಸ್ಲಾವಿಯದ ಹಾಡುಗಾರರನ್ನು ಅಭ್ಯಾಸ ಮಾಡಿದ್ದ ಆಲ್ಬರ್ಟ್ ಲಾರ್ಡ್, ಹೇಳಿ ಬರೆಸಿದ ಪಠ್ಯವೇ ಹೆಚ್ಚು ತುಂಬಿಕೊಂಡಿರುತ್ತದೆ ಎಂದು ನಂಬಿದ್ದರು. ಮಾಚಾರಿನಲ್ಲಿ ಆದದ್ದು ಇದಕ್ಕೆ ತಿರುಗುಮುರುಗು.

ಈ ಧ್ವನಿಮುದ್ರಣದ ಮುಂದಾಳು ಫಿನ್‌ಲ್ಯಾಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ. ಹಳ್ಳಿಹಾಡುಗಳಿಂದಲೇ ಎಲಿಯಾಸ್ ಲೋನ್ರೋಟ್ ‘ಕಾಲೆವಾಲ’ ಮಹಾಕಾವ್ಯ ಕಟ್ಟಿದ ನಾಡು ಅದು. ಆದರೆ ಕಾಲೆವಾಲ ಹಲವರ ಹಾಡುಗಳನ್ನು ಸೇರಿಸಿ ಹೆಣೆದದ್ದು; ಒಬ್ಬನೇ ಬಾಯಲ್ಲಿ ಹಾಡುವ ಮಹಾಕಾವ್ಯ ಹೊಂಕೊಗೆ ಸಿಕ್ಕಿದ್ದು ತುಳುನಾಡಿನಲ್ಲಿ. ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿ ಬೆಳೆಸಿದ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಈ ನಂಟಿಗೆ ದಾರಿ ಮಾಡಿತ್ತು. ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡ, ಅನ್ನೆಲಿ ಹೊಂಕೊ ಜೊತೆಗಿದ್ದರು.

ಸಿರಿಯ ಕಥೆ ಕರಾವಳಿಯವರಿಗೆ ಹೊಸದಲ್ಲ. ಸತ್ಯನಾಪುರದ ಬೆರ್ಮು ಆಳ್ವನಿಗೆ ಪ್ರಸಾದವಾಗಿ ಸಿಕ್ಕ ಗಂಧ, ಅಡಿಕೆ ಹಿಂಗಾರ ಸಿರಿ ಎಂಬ ಹೆಣ್ಣುಮಗುವಾದದ್ದು. ಬಸ್ರೂರಿನ ಕಾಂತು ಪೂಂಜನನ್ನು ಮದುವೆಯಾದದ್ದು. ಅವನ ಸೂಳೆಗಾರಿಕೆ ಸಹಿಸದೆ ಸಿರಿಯೇ ಗಂಡನನ್ನು ಬಿಟ್ಟು ನಡೆದದ್ದು. ಕವತ್ತಾರು, ನಂದಳಿಕೆ, ಹಿರಿಯಡ್ಕಗಳ ಸಿರಿಜಾತ್ರೆಯಲ್ಲಿ ಹಿಂಗಾರ ಹಿಡಿದು ದರ್ಶನದಲ್ಲಿ ನಡುಗುವ ಹೆಂಗಸರನ್ನು ನೋಡಿದವರಿಗೆ ಇದು ಬರೀ ಕಥೆಯಲ್ಲವೆಂದು ಗೊತ್ತು. ಸಿರಿ ಮೈಮೇಲೆ ಬಂದ ಅಂಥ ಹೆಂಗಸರ ತಂಡಕ್ಕೆ ನಾಯ್ಕರು ಸಿರಿಯ ಮಗ ಕುಮಾರನಾಗಿ ಮುಂದೆ ನಿಲ್ಲುತ್ತಿದ್ದವರು. ಅವರ ಸಂಧಿಗೆ ಜಾತ್ರೆಯ ಬಲವೂ ಇತ್ತು, ಹೆಂಗಸರು ಇದೇ ಕಥೆ ಹಾಡುತ್ತ ನೇಜಿ ನೆಡುವ ಗದ್ದೆಯ ಬಲವೂ ಇತ್ತು.

ಹಾಡಿಸಿ ಮುದ್ರಿಸಿಕೊಂಡರೆ ಕೆಲಸ ಮುಗಿಯಿತು ಎನ್ನುವವರು ಒಮ್ಮೆ ಟೇಪಿನಿಂದ ಬರೆದು ನೋಡಬೇಕು. ಸಾಲು ಎಲ್ಲಿ ಮುಗಿಯಿತು? ಉಸಿರು ನಿಂತಲ್ಲೋ, ಧಾಟಿ ಮರಳಿದಲ್ಲೋ, ಅರ್ಥ ಪೂರ್ತಿಯಾದಲ್ಲೋ? ಹಾಡುಗಾರ ತಡವರಿಸಿ ಮತ್ತೆ ಹಿಡಿದ ಪದವನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ? ಈ ಪ್ರಶ್ನೆಗಳನ್ನೆಲ್ಲ ದಾಟಿ ಕಾವ್ಯ ಹೆಲ್ಸಿಂಕಿಯಲ್ಲಿ ಎರಡು ಸಂಪುಟಗಳಾಗಿ ಅಚ್ಚಾದದ್ದು 1998ರಲ್ಲಿ. ಇಡೀ ಪಠ್ಯ ರೋಮನ್ ಲಿಪಿಯಲ್ಲಿ, ಪಕ್ಕದಲ್ಲಿ ಇಂಗ್ಲಿಷ್ ಅನುವಾದ. ವಿದ್ವತ್ತಿಗೆ ಅದು ಸರಿ, ಆದರೆ ಗದ್ದೆಯಲ್ಲಿ ಈ ಹಾಡು ಹಾಡಿದ ಎಷ್ಟು ಹೆಂಗಸರ ಕೈಗೆ ಅದು ಹೋಗಿ ಸೇರೀತು?

ಗದ್ದೆಗಳೇ ಈಗ ಕಡಿಮೆ. ದಕ್ಷಿಣ ಕನ್ನಡದ ಬೈಲುಗಳಲ್ಲಿ ಭತ್ತ ಹೋಗಿ ಅಡಿಕೆ ಸಸಿ ಎದ್ದಿದೆ. ಲಾಭದ ಲೆಕ್ಕ ನೋಡಿದರೆ ರೈತರನ್ನು ದೂರುವಂತಿಲ್ಲ. ಆದರೂ ಹಿಂಗಾರದಲ್ಲಿ ಹುಟ್ಟಿದ ಸಿರಿಗೆ ಹಿಂಗಾರದ ತೋಟವೇ ಮುಳುವಾಯಿತಲ್ಲ ಎಂದು ಕರುಳು ಚುರ್ ಎನ್ನುತ್ತದೆ. ಉಳಿದ ಗದ್ದೆಗಳಿಗೂ ನಾಟಿಯಂತ್ರ ಬಂದಿದೆ. ಗದ್ದೆಯಲ್ಲಿ ಹಾಡುವ ಈ ಕಥನಗೀತೆಗೆ, ಪಾಡ್ದನಕ್ಕೆ, ಒಬ್ಬಳು ಹೇಳಿಕೊಡಬೇಕು, ಉಳಿದವರು ಎತ್ತಿಕೊಳ್ಳಬೇಕು; ಅಂಗಳದಲ್ಲಿ ಒಬ್ಬೊಬ್ಬರೇ ಅಡಿಕೆ ಸುಲಿಯುತ್ತ ಕೂತಿರುವ ಅಜ್ಜಿಯರಿಗೆ ಎತ್ತಿಕೊಳ್ಳುವವರಿಲ್ಲ. ಈಗ ಹಾಡು ಮುದ್ರಿಸಿಕೊಳ್ಳಲು ಮೊಬೈಲು ಹಿಡಿದು ಹೋಗುವ ಮೊಮ್ಮಗಳು ನೆರೆಮನೆಯ ಇನ್ನಿಬ್ಬರು ಅಜ್ಜಿಯರನ್ನೂ ಕರೆದು ಕೂರಿಸಿದರೆ ಒಳ್ಳೆಯದು, ಅವರು ಇರುವಾಗಲೇ.