ತಳಕಲ್ಲಿನ ಜಮಾ-ಖರ್ಚು: ಒಂದು ಹೊಸ ವಿಶ್ವವಿದ್ಯಾಲಯದ ಲೆಕ್ಕ

2022-23ರ ರಾಜ್ಯ ಬಜೆಟ್ಟಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಘೋಷಿಸಿದರು. ಬೀದರ್, ಬಾಗಲಕೋಟೆ, ಹಾವೇರಿ, ಹಾಸನ, ಕೊಡಗು, ಚಾಮರಾಜನಗರಗಳ ಜೊತೆಗೆ ಕೊಪ್ಪಳದ ಹೆಸರೂ ಆ ಪಟ್ಟಿಯಲ್ಲಿತ್ತು. ಇದ್ದ ಕಟ್ಟಡ, ಇದ್ದ ಸಿಬ್ಬಂದಿಯಲ್ಲೇ ಕಡಿಮೆ ಖರ್ಚಿನಲ್ಲಿ ಶುರು ಮಾಡೋಣ ಎನ್ನುವುದು ಯೋಚನೆ. ಆರಂಭಕ್ಕೆಂದು ತಲಾ 2 ಕೋಟಿ ರೂಪಾಯಿ ಗೊತ್ತುಮಾಡಲಾಯಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯೂ ಆಯಿತು. ಕೊಪ್ಪಳ ವಿಶ್ವವಿದ್ಯಾಲಯಕ್ಕೆ ನೆಲೆ ಸಿಕ್ಕಿದ್ದು ತಳಕಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ. ಈ ಊರು ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರು ತಾಲ್ಲೂಕಿಗೆ ಸೇರಿದೆ.

ಎರಡೇ ವರ್ಷದಲ್ಲಿ ಗಾಳಿ ತಿರುಗಿತು. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ, ಈ ಏಳೂ ಸೇರಿ ಒಟ್ಟು ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಬೀದರ್ ಒಂದನ್ನು ಬಿಟ್ಟು ಉಳಿದ ಒಂಬತ್ತನ್ನು ಮುಚ್ಚುವ ನಿಲುವಿಗೆ ಬಂತು. ಕೊಟ್ಟ ಮುಖ್ಯ ಕಾರಣ ಹಣ. ಹಾಗಾದರೆ ವಿಶ್ವವಿದ್ಯಾಲಯಕ್ಕೆ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ವಿದ್ಯಾರ್ಥಿಗಳ ಸಂಖ್ಯೆಗೂ ಆ ಹಣಕ್ಕೂ ನಂಟೇನು? ಈ ಅಧ್ಯಾಯದ ವಿಷಯ ಅದು.

ಊರು ಒಂದೇ, ವಿಶ್ವವಿದ್ಯಾಲಯ ಐದು

ಕೊಪ್ಪಳ ಸೀಮೆ ಹೈದರಾಬಾದ್ ನಿಜಾಮರ ರಾಜ್ಯದಲ್ಲಿದ್ದಾಗ ಇಲ್ಲಿನವರು ಉನ್ನತ ಶಿಕ್ಷಣಕ್ಕೆ ನೋಡಬೇಕಾಗಿದ್ದುದು 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೆ. 1956ರ ಏಕೀಕರಣದ ನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸರದಿ. ಗವಿಮಠದ ಆಶ್ರಯದ ಗವಿಸಿದ್ಧೇಶ್ವರ ಕಾಲೇಜು ಕೊಪ್ಪಳದಲ್ಲಿ ಬೆಳೆದದ್ದು ಆ ದಿನಗಳಲ್ಲಿ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬಂತು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆರಂಭವಾಗಿ, ಕೊಪ್ಪಳ ಜಿಲ್ಲೆಯ ಕಾಲೇಜುಗಳು ಅದರ ತೆಕ್ಕೆಗೆ ಹೋದವು. ಕೊಪ್ಪಳ ಮತ್ತು ಯಲಬುರ್ಗಾಗಳಲ್ಲಿ ಅದರ ಸ್ನಾತಕೋತ್ತರ ಕೇಂದ್ರಗಳಿದ್ದವು. ಐದನೆಯದು ಈಗಿನ ಕೊಪ್ಪಳ ವಿಶ್ವವಿದ್ಯಾಲಯ.

ಹೀಗೆ ಒಡೆಯುವಾಗ ಜಮಾ-ಖರ್ಚು ಏನಾಗುತ್ತದೆ? ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಪಾಲಾಗುತ್ತದೆ, ಹಳೆಯ ಸಾಲ ಮಾತ್ರ ದೊಡ್ಡ ಮನೆಯಲ್ಲೇ ಉಳಿಯುತ್ತದೆ. ಇಲ್ಲಿಯೂ ಅದೇ ನ್ಯಾಯ. ಸಂಯೋಜಿತ ಕಾಲೇಜುಗಳು ಹೊಸ ವಿಶ್ವವಿದ್ಯಾಲಯಕ್ಕೆ ಹೋದಂತೆ ಅವು ಕಟ್ಟುತ್ತಿದ್ದ ಪರೀಕ್ಷಾ ಶುಲ್ಕವೂ ಸಂಯೋಜನಾ ಶುಲ್ಕವೂ ಅಲ್ಲಿಗೇ ಹೋಗುತ್ತವೆ. ಮೂಲ ವಿಶ್ವವಿದ್ಯಾಲಯದ ಸಂಬಳ, ಪಿಂಚಣಿ, ಕಟ್ಟಡದ ನಿರ್ವಹಣೆ ಒಂದು ರೂಪಾಯಿಯೂ ತಗ್ಗುವುದಿಲ್ಲ. ಮೈಸೂರು, ಧಾರವಾಡಗಳಂಥ ಹಳೆಯ ವಿಶ್ವವಿದ್ಯಾಲಯಗಳು ಪಿಂಚಣಿಯ ಹೊರೆಯಿಂದ ಏದುಸಿರು ಬಿಡುತ್ತಿರುವುದಕ್ಕೆ ಇದೂ ಒಂದು ಕಾರಣ. ಹೊಸದಕ್ಕೆ ಪಿಂಚಣಿಯ ಹೊರೆಯಿಲ್ಲ, ಆದರೆ ಬಂಡವಾಳವೂ ಇಲ್ಲ.

ಜಮೆಯ ಕಡೆ, ಖರ್ಚಿನ ಕಡೆ

ರಾಜ್ಯ ವಿಶ್ವವಿದ್ಯಾಲಯವೊಂದರ ಬಜೆಟ್ಟನ್ನು ವಿತ್ತಾಧಿಕಾರಿ ಸಿದ್ಧಪಡಿಸುತ್ತಾರೆ. ಅದು ಹಣಕಾಸು ಸಮಿತಿಯ ಮುಂದೆ ಬಂದು, ಸಿಂಡಿಕೇಟ್ ಒಪ್ಪಿಗೆ ಪಡೆಯುತ್ತದೆ. ಜಮೆಯ ಕಡೆ ಮೂರು ಮುಖ್ಯ ಬಾಬ್ತುಗಳಿವೆ. ಒಂದು, ರಾಜ್ಯ ಸರ್ಕಾರದ ಅನುದಾನ. ಇದರ ಬಹುಪಾಲು ಮಂಜೂರಾದ ಹುದ್ದೆಗಳ ಸಂಬಳಕ್ಕೇ ಸರಿಹೋಗುತ್ತದೆ. ಎರಡು, ಆಂತರಿಕ ಸಂಪನ್ಮೂಲ: ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕ, ಪ್ರವೇಶ ನೋಂದಣಿ, ಅಂಕಪಟ್ಟಿ, ಘಟಿಕೋತ್ಸವದ ಶುಲ್ಕ, ಸ್ನಾತಕೋತ್ತರ ವಿಭಾಗಗಳ ಬೋಧನಾ ಶುಲ್ಕ. ಮೂರು, ಯೋಜನೆಗಳ ಹಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಅನುದಾನ, ಕೇಂದ್ರದ ಪಿಎಂ-ಉಷಾ ಯೋಜನೆ, ನಮ್ಮ ಭಾಗದಲ್ಲಾದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ನೆರವು ಈ ಬಾಬ್ತಿಗೆ ಸೇರುತ್ತವೆ.

ಖರ್ಚಿನ ಕಡೆ ಸಂಬಳದ ನಂತರ ದೊಡ್ಡ ಬಾಬ್ತು ಪರೀಕ್ಷೆ. ಪ್ರಶ್ನೆಪತ್ರಿಕೆ, ಉತ್ತರ ಪತ್ರಿಕೆಯ ಮುದ್ರಣ, ಮೌಲ್ಯಮಾಪಕರ ಸಂಭಾವನೆ, ಅವರ ಪ್ರಯಾಣ ಭತ್ಯೆ ಎಲ್ಲವೂ ಸೆಮಿಸ್ಟರ್ ಪದ್ಧತಿಯಲ್ಲಿ ವರ್ಷಕ್ಕೆ ಎರಡು ಸಲ ಬರುತ್ತವೆ. ಕಾಯಂ ಬೋಧಕರಿಲ್ಲದ ಕಡೆ ಅತಿಥಿ ಉಪನ್ಯಾಸಕರ ಗೌರವಧನವನ್ನು ಆಂತರಿಕ ಸಂಪನ್ಮೂಲದಿಂದಲೇ ತೆರಬೇಕು.

ಹೊಸ ವಿಶ್ವವಿದ್ಯಾಲಯಕ್ಕೆ ಮೂರನೆಯ ಬಾಬ್ತಿನ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ. 1956ರ ಯುಜಿಸಿ ಕಾಯ್ದೆಯ 12(ಬಿ) ಮಾನ್ಯತೆ ಇಲ್ಲದೆ ಯುಜಿಸಿಯ ಅನುದಾನ ಸಿಗುವುದಿಲ್ಲ. ಸಂಸ್ಥೆಯ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಾಂಕನಕ್ಕೆ ಎರಡು ತಂಡಗಳಾದರೂ ಪದವಿ ಪಡೆದು ಹೊರಬಂದಿರಬೇಕು, ಇಲ್ಲವೇ ಸಂಸ್ಥೆಗೆ ಆರು ವರ್ಷ ತುಂಬಿರಬೇಕು. ಕಾಯಂ ಬೋಧಕರಿಲ್ಲದೆ ಮಾನ್ಯತೆ ಕಷ್ಟ, ಮಾನ್ಯತೆ ಇಲ್ಲದೆ ಹಣ ಕಷ್ಟ, ಹಣವಿಲ್ಲದೆ ಬೋಧಕರು ಕಷ್ಟ. ಈ ಸುತ್ತು ಮುರಿಯುವವರೆಗೆ ಹೊಸ ವಿಶ್ವವಿದ್ಯಾಲಯದ ಕೈಯಲ್ಲಿ ನಿಜವಾಗಿ ಇರುವುದು ಎರಡನೆಯ ಬಾಬ್ತೊಂದೇ. ಅದು ನಿಂತಿರುವುದು ಜಿಲ್ಲೆಯ ಪದವಿ ಕಾಲೇಜುಗಳ ಬೆಂಚಿನ ಮೇಲೆ ಕೂತ ಹುಡುಗ ಹುಡುಗಿಯರ ಸಂಖ್ಯೆಯ ಮೇಲೆ.

ಇಪ್ಪತ್ತು ಸೀಟು ಐವತ್ತೆರಡಾಗುವ ಬಗೆ

ಒಂದು ಕಾಲೇಜನ್ನು ಊಹಿಸಿಕೊಳ್ಳೋಣ. ಪ್ರತಿ ವರ್ಷ ಬಿ.ಎ.ಗೆ 100 ಜನ ಸೇರುತ್ತಾರೆ. ಎರಡನೆಯ ವರ್ಷಕ್ಕೆ 85, ಮೂರನೆಯ ವರ್ಷಕ್ಕೆ 75 ಜನ ಉಳಿಯುತ್ತಾರೆ. ಒಟ್ಟು 260. ಒಂದು ವರ್ಷ ಮಾತ್ರ ಪ್ರವೇಶ 80ಕ್ಕೆ ಇಳಿಯಿತು ಎನ್ನೋಣ. ಆ ವರ್ಷದ ಒಟ್ಟು ಸಂಖ್ಯೆ 240. ಮುಂದಿನ ವರ್ಷ ಪ್ರವೇಶ ಮತ್ತೆ 100ಕ್ಕೆ ಏರಿದರೂ, ಕಡಿಮೆ ಬಂದ ತಂಡ ಎರಡನೆಯ ವರ್ಷದಲ್ಲಿ 68 ಆಗಿ ಕೂತಿರುತ್ತದೆ, ಒಟ್ಟು 243. ಅದರ ಮರುವರ್ಷ 245. ನಾಲ್ಕನೆಯ ವರ್ಷಕ್ಕೆ ಲೆಕ್ಕ ಮತ್ತೆ 260 ಮುಟ್ಟುತ್ತದೆ. ಇಪ್ಪತ್ತು ಜನರ ಕೊರತೆ ಮೂರು ವರ್ಷಗಳಲ್ಲಿ 20, 17, 15 ಸೇರಿ 52 ಶುಲ್ಕಗಳ ಕೊರತೆಯಾಯಿತು. ದಾಖಲಾತಿ ಒಂದು ವರ್ಷ ಕುಸಿದರೆ ಬಜೆಟ್ ಮೂರು ವರ್ಷ ಕುಂಟುತ್ತದೆ.

ಇದೇ ಲೆಕ್ಕವನ್ನು ತಿರುವಿ ನೋಡಿ. ಪ್ರವೇಶ 100ಕ್ಕಿಂತ ಒಬ್ಬರೂ ಹೆಚ್ಚದೆ, ಸೇರಿದ ಆ 100ರಲ್ಲಿ ಎರಡನೆಯ ವರ್ಷಕ್ಕೆ 92, ಮೂರನೆಯದಕ್ಕೆ 88 ಜನರನ್ನು ಉಳಿಸಿಕೊಂಡರೆ ಒಟ್ಟು 280. ಹೊಸಬರನ್ನು ಹುಡುಕಿ ತರುವುದಕ್ಕಿಂತ ಬಂದವರನ್ನು ಉಳಿಸಿಕೊಳ್ಳುವುದು ಅಗ್ಗ.

ನೀತಿ ಬದಲಾದರೂ ಈ ಲೆಕ್ಕ ಅಲ್ಲಾಡುತ್ತದೆ. 2021-22ರಲ್ಲಿ ರಾಜ್ಯ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿಗೆ ಅವಕಾಶ ಕೊಟ್ಟಿತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮ, ಕೊಠಡಿ, ಬೋಧಕರ ಕಾರ್ಯಭಾರ ಎಲ್ಲವನ್ನೂ ಎರಡು ಸಲ ಹೊಸದಾಗಿ ಲೆಕ್ಕ ಹಾಕಬೇಕಾಯಿತು.

ನಾಲ್ಕು ತಾಲ್ಲೂಕು, ನಾಲ್ಕು ಲೆಕ್ಕ

ಒಟ್ಟು ದಾಖಲಾತಿ ಅನುಪಾತ ಎಂಬ ಅಳತೆಯೊಂದಿದೆ. 18ರಿಂದ 23ರ ವಯಸ್ಸಿನವರ ಸಂಖ್ಯೆಗೆ ಹೋಲಿಸಿದರೆ ಕಾಲೇಜುಗಳಲ್ಲಿ ಶೇಕಡಾ ಎಷ್ಟು ಜನ ಓದುತ್ತಿದ್ದಾರೆ ಎಂದು ಅದು ಹೇಳುತ್ತದೆ. ಕೇಂದ್ರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ ದೇಶದ ಅನುಪಾತ 28.4, ಕರ್ನಾಟಕದ್ದು ಅದಕ್ಕಿಂತ ಸಾಕಷ್ಟು ಮೇಲೆ. ಲಕ್ಷ ಯುವಜನರಿಗೆ 66 ಕಾಲೇಜುಗಳಿರುವ ಕರ್ನಾಟಕ ಅದೇ ಸಮೀಕ್ಷೆಯಲ್ಲಿ ದೇಶಕ್ಕೇ ಮೊದಲಾಗಿತ್ತು. ಆದರೆ ರಾಜ್ಯದ ಸರಾಸರಿ ಇಟ್ಟುಕೊಂಡು ಕೊಪ್ಪಳದ ಬಜೆಟ್ ಬರೆಯಲಾಗದು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 68ರ ಆಸುಪಾಸಿನಲ್ಲಿತ್ತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಕುಷ್ಟಗಿ, ಯಲಬುರ್ಗಾ ಎರಡೂ ಇದ್ದವು.

ಗಂಗಾವತಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಕೈಯಲ್ಲಿ ದುಡ್ಡು ಓಡಾಡುವ ಪೇಟೆ. ಕೊಲ್ಲಿ ನಾಗೇಶ್ವರರಾವ್ ಹೆಸರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಜೊತೆಗೆ ಖಾಸಗಿ ಕಾಲೇಜುಗಳೂ ಇವೆ. ಪದವಿಗೆ ವಿದ್ಯಾರ್ಥಿಗಳು ಸಿಗುತ್ತಾರೆ. ಎಂ.ಎ., ಎಂ.ಕಾಂ. ಎಂದಾಗ ಮಾತು ಬೇರೆ: ಗಂಗಾವತಿ ಜಿಲ್ಲೆಯ ಪೂರ್ವಕ್ಕೆ, ತಳಕಲ್ಲು ಪಶ್ಚಿಮಕ್ಕೆ. ಗಂಗಾವತಿಯ ಹುಡುಗಿಗೆ ಹೊಸಪೇಟೆ, ಬಳ್ಳಾರಿಯ ದಾರಿಯೇ ರೂಢಿಯ ದಾರಿ. ಕುಷ್ಟಗಿಯ ಹುಡುಗನಿಗೂ ಅಷ್ಟೆ, ಹೆದ್ದಾರಿ ಹಿಡಿದರೆ ಇಳಕಲ್ಲು ಹತ್ತಿರ, ಅದು ಬಾಗಲಕೋಟೆ ಜಿಲ್ಲೆ.

ಯಲಬುರ್ಗಾ, ಕುಷ್ಟಗಿಯ ಬೆದ್ದಲು ಹಳ್ಳಿಗಳಲ್ಲಿ ದಾಖಲಾತಿಯನ್ನು ಮಳೆಯೂ ತೀರ್ಮಾನಿಸುತ್ತದೆ. ಮುಂಗಾರು ಕೈಕೊಟ್ಟ ವರ್ಷ ಮನೆಮಂದಿ ಗುಳೆ ಹೊರಡುತ್ತಾರೆ. ಎರಡನೆಯ ವರ್ಷದ ಶುಲ್ಕ ಕಟ್ಟುವ ಹೊತ್ತಿಗೆ ಹುಡುಗ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಗಾರೆ ಕೆಲಸದಲ್ಲಿರುತ್ತಾನೆ. ಕೊಪ್ಪಳದ ಸುತ್ತ ಪೈಪೋಟಿಯೇ ಬೇರೆ. ಗಿಣಿಗೇರಿ ಕಡೆ ಉಕ್ಕಿನ ಕಾರ್ಖಾನೆಗಳು, ತಳಕಲ್ಲಿನ ಮಗ್ಗುಲಲ್ಲೇ ಭಾನಾಪುರದ ಆಟಿಕೆ ಕ್ಲಸ್ಟರ್. "ಡಿಗ್ರಿ ಮಾಡಿ ಏನ್ ಮಾಡ್ತಿ? ಐಟಿಐ ಮಾಡು, ನಾಳೆನ ಪಗಾರ ಬರ್ತೈತಿ" ಎನ್ನುವ ಅಪ್ಪನ ಮಾತಿನಲ್ಲಿ ಲೆಕ್ಕವಿದೆ. ಆ ಲೆಕ್ಕಕ್ಕೆ ಉತ್ತರ ಕೊಡುವ ಕೋರ್ಸುಗಳು ಬೇಕು.

ಬಸ್ಸು, ರೈಲು, ಹಾಸ್ಟೆಲು

ಹೀಗಾಗಿ ವಿಶ್ವವಿದ್ಯಾಲಯದ ಜಮೆಯನ್ನು ಏರಿಸುವ ಕೆಲವು ಖರ್ಚುಗಳು ಅದರ ಬಜೆಟ್ಟಿನಲ್ಲೇ ಇರುವುದಿಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಬಸ್ ಪಾಸಿನ ಖರ್ಚನ್ನು ಇಲ್ಲವಾಗಿಸಿತು. ತಳಕಲ್ಲಿನಿಂದ ಕುಕನೂರು, ಯಲಬುರ್ಗಾ ಮಾರ್ಗವಾಗಿ ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ರೈಲು ಓಡಿತು. ದಶಕಗಳಿಂದ ಕಾದಿದ್ದ ಗದಗ-ವಾಡಿ ಮಾರ್ಗದ ಭಾಗವಿದು. ಎರಡು ಒಣ ತಾಲ್ಲೂಕುಗಳ ಹಳಿ ವಿಶ್ವವಿದ್ಯಾಲಯದ ಊರಿಗೇ ಬಂದು ಸೇರುತ್ತದೆ. ಆದರೆ ರೈಲಿನ ವೇಳೆಗೂ ತರಗತಿಯ ವೇಳಾಪಟ್ಟಿಗೂ ಹೊಂದಿಕೆಯಾಗದಿದ್ದರೆ ವಿದ್ಯಾರ್ಥಿಗೆ ಅದರಿಂದ ಲಾಭವಿಲ್ಲ.

ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆಯಲ್ಲಿ ವರ್ಷಕ್ಕೆ ಹತ್ತು ತಿಂಗಳ ನೆರವು ಸಿಗುತ್ತದೆ. ಈ ಹಣ ಸೆಮಿಸ್ಟರ್ ಆರಂಭದಲ್ಲೇ ಬಂದರೆ ಬಾಡಿಗೆ ಕಟ್ಟಬಹುದು. ವರ್ಷದ ಕೊನೆಗೆ ಬಂದರೆ ಅಷ್ಟರಲ್ಲಿ ಓದು ಬಿಟ್ಟವರು ಹಿಂದಿರುಗುವುದಿಲ್ಲ.

ಯಾರು ಎಲ್ಲಿ ಬಿಟ್ಟರು ಎಂದು ತಿಳಿಯುವುದು ಈಗ ಕಷ್ಟವಲ್ಲ. ಪ್ರವೇಶ, ಪರೀಕ್ಷಾ ಶುಲ್ಕ, ಫಲಿತಾಂಶ ಎಲ್ಲವೂ ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳಿಗೆಲ್ಲ ಒಂದೇ ಆದ ಯುಯುಸಿಎಂಎಸ್ ತಂತ್ರಾಂಶದಲ್ಲಿ ದಾಖಲಾಗುತ್ತವೆ. ಮೊದಲ ಸೆಮಿಸ್ಟರ್ ಶುಲ್ಕ ಕಟ್ಟಿ ಎರಡನೆಯದನ್ನು ಕಟ್ಟದವರ ಪಟ್ಟಿಯನ್ನು ಕಾಲೇಜುವಾರು, ತಾಲ್ಲೂಕುವಾರು ತೆಗೆಯಬಹುದು. ಮುಂದಿನ ವರ್ಷದ ಜಮೆಯ ಅಂದಾಜಿಗೆ ಇದಕ್ಕಿಂತ ಒಳ್ಳೆಯ ಆಧಾರವಿಲ್ಲ.

ಓದುಗರು ಕೇಳಬಹುದಾದ ಪ್ರಶ್ನೆಗಳು

ವಿಶ್ವವಿದ್ಯಾಲಯ ಇರಬೇಕೋ ಬೇಡವೋ ಎಂಬ ವಾದದಲ್ಲಿ ಎರಡೂ ಕಡೆಯವರು ಒಟ್ಟು ಸಂಖ್ಯೆಯನ್ನೇ ಹಿಡಿದು ಮಾತಾಡುತ್ತಾರೆ. ಕಡಿಮೆ ವಿದ್ಯಾರ್ಥಿಗಳಿರುವುದು ಮುಚ್ಚಲು ಕಾರಣವೂ ಆಗಬಹುದು, ಇನ್ನಷ್ಟು ಖರ್ಚು ಮಾಡಲು ಕಾರಣವೂ ಆಗಬಹುದು. ಯಾವುದು ಸರಿ ಎಂದು ಹೇಳುವ ಮೊದಲು ತಿಳಿಯಬೇಕಾದ್ದು ಇಷ್ಟು. ಸೇರಿದವರಲ್ಲಿ ಮೂರನೆಯ ವರ್ಷ ಮುಗಿಸಿದವರೆಷ್ಟು? ಬಿಟ್ಟವರು ಯಾವ ತಾಲ್ಲೂಕಿನವರು, ಯಾವ ಸೆಮಿಸ್ಟರಿನಲ್ಲಿ ಬಿಟ್ಟರು? ಪರೀಕ್ಷಾ ಶುಲ್ಕದಿಂದ ಬಂದ ಹಣದಲ್ಲಿ ಪರೀಕ್ಷೆಗೇ ಹೋದದ್ದೆಷ್ಟು, ಬೋಧನೆಗೆ ಉಳಿದದ್ದೆಷ್ಟು? ಮುಚ್ಚಿದರೆ ಉಳಿಯುವ ಹಣದ ಎದುರಿಗೆ, ಮತ್ತೆ ಬಳ್ಳಾರಿಗೆ ಅಲೆಯಬೇಕಾದ ವಿದ್ಯಾರ್ಥಿಗಳ ಖರ್ಚನ್ನು ಯಾರಾದರೂ ಇಟ್ಟು ನೋಡಿದ್ದಾರೆಯೇ?

ವಾರ್ಷಿಕ ವರದಿ ಮತ್ತು ವಾರ್ಷಿಕ ಲೆಕ್ಕಪತ್ರ ಸಾರ್ವಜನಿಕ ದಾಖಲೆಗಳು. ಅಲ್ಲಿ ಸಿಗದ್ದನ್ನು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬಹುದು. ಈ ಅಂಕಿಗಳನ್ನು ಕೈಯಲ್ಲಿ ಹಿಡಿದು ಕೇಳಿದರೆ ತಳಕಲ್ಲಿನವರೂ ವಿಧಾನಸೌಧದವರೂ ಉತ್ತರ ಹೇಳಲೇಬೇಕಾಗುತ್ತದೆ.